ಕಾಲು ಜೋಮು ಹಿಡಿಯುತ್ತಿದೆಯಾ? ಮೊದಲು ವಿಟಮಿನ್ ಬಾಟಲಿ ತಿರುಗಿಸಿ ನೋಡಿ

ದಿನಾ ವಿಟಮಿನ್ ಮಾತ್ರೆ ನುಂಗುವವರಿಗೆ, ಅದರಲ್ಲೂ ಒಂದಕ್ಕಿಂತ ಜಾಸ್ತಿ ಬಾಟಲಿ ಇಟ್ಟುಕೊಂಡವರಿಗೆ ಈ ಬರಹ. ಇದು ನಮ್ಮ ಅಕ್ಕನಿಗೆ ಆದದ್ದು. ಅವಳನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. "ಬರಿ, ಆದರೆ ನನ್ನ ಹೆಸರು ಮಾತ್ರ ಹಾಕಬೇಡ" ಅಂದಳು.

ಅವಳಿಗೆ ಸದಾ ಸುಸ್ತು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲಾ ಸರಿಯಾಗಿದೆ, ನಿದ್ದೆ ಸರಿ ಮಾಡಿಕೊಳ್ಳಿ ಅಂದರು. ವಿಟಮಿನ್ ತಗೊಳ್ಳಬಹುದಾ ಅಂತ ಇವಳು ಕೇಳಿದ್ದಕ್ಕೆ "ಸುಮ್ನೆ ದುಡ್ಡು ದಂಡ, ಏನೂ ಉಪಯೋಗವಿಲ್ಲ" ಅಂತ ನಕ್ಕರಂತೆ. ನನ್ನ ಪ್ರಕಾರ ಎಡವಟ್ಟು ಶುರುವಾಗಿದ್ದು ಇಲ್ಲೇ. ಉಪಯೋಗವಿಲ್ಲ ಅಂದದ್ದು ಅಕ್ಕನಿಗೆ ಕೇಳಿಸಿದ್ದು "ತೊಂದರೆಯೂ ಇಲ್ಲ" ಅಂತ. ಯಾರಿಗಾದರೂ ಹಾಗೇ ಕೇಳಿಸುತ್ತದೆ, ಅಲ್ವಾ? ಡಾಕ್ಟರ್ ಸುಳ್ಳು ಹೇಳಲಿಲ್ಲ, ಆದರೆ ಅರ್ಧ ಮಾತ್ರ ಹೇಳಿದರು. ಅದೂ ನಗುತ್ತಾ ಹೇಳಿದರು. ಆಮೇಲೆ ಅವಳು ಏನೇನು ತಗೊಂಡಳೋ ಅದೊಂದನ್ನೂ ಅವರ ಕಿವಿಗೆ ಹಾಕಲಿಲ್ಲ.

ಮೊದಲು ಒಂದು ಮಲ್ಟಿವಿಟಮಿನ್ ಬಂತು. ಸುಸ್ತಿಗೆ ಅಂತ ಬಿ ಕಾಂಪ್ಲೆಕ್ಸ್ ಬಂತು. ನಿದ್ದೆಗೆ ಅಂತ ಮೆಗ್ನೀಷಿಯಂ, ಆಮೇಲೆ ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ ಬಿಲ್ಲೆ. ನಾಲ್ಕೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಕಾರಣಕ್ಕೆ ಬಂದವು. ಆದರೆ ನಾಲ್ಕರಲ್ಲೂ ವಿಟಮಿನ್ ಬಿ6 ಇತ್ತು. ಮೆಗ್ನೀಷಿಯಂ ಅಂತ ದಪ್ಪಕ್ಷರದಲ್ಲಿ ಬರೆದಿರುವ ಡಬ್ಬಿಯೊಳಗೆ ಬಿ6 ಯಾಕಿರುತ್ತದೆ ಅಂತ ಯಾರು ನೋಡುತ್ತಾರೆ ಹೇಳಿ?

ಕೆಲವು ತಿಂಗಳಾದ ಮೇಲೆ ಕಾಲ್ಬೆರಳು ಜುಮುಜುಮು ಅನ್ನಲು ಶುರುವಾಯಿತು. ಔಷಧಿ ಅಂಗಡಿಯವರು "ನರದ ವೀಕ್ನೆಸ್" ಅಂತ ನರಕ್ಕೆ ಒಳ್ಳೆಯದು ಅನ್ನುವ ಮಾತ್ರೆ ಕೊಟ್ಟರು. ಅದರ ಒಂದೊಂದು ಮಾತ್ರೆಯಲ್ಲೂ 100 ಮಿಲಿಗ್ರಾಂ ಬಿ6! ಜೋಮು ಹೆಚ್ಚಾದಷ್ಟೂ ಅವಳು ಅದನ್ನು ತಪ್ಪದೆ ನುಂಗಿದಳು, ತಪ್ಪದೆ ನುಂಗಿದಷ್ಟೂ ಜೋಮು ಹೆಚ್ಚಾಯಿತು.

ಒಂದು ದಿನ ಕಣ್ಣು ಮುಚ್ಚಿ ಮುಖಕ್ಕೆ ಸೋಪು ಹಚ್ಚುವಾಗ ಹಾಗೇ ಪಕ್ಕಕ್ಕೆ ವಾಲಿ ಸಿಂಕ್ ಹಿಡಿದುಕೊಂಡಳು. ಇನ್ನೊಂದು ದಿನ ಚಪ್ಪಲಿ ಬಾಗಿಲ ಹತ್ತಿರವೇ ಕಳಚಿ ಬಿದ್ದಿದೆ, ಇವಳು ಒಂಟಿ ಚಪ್ಪಲಿಯಲ್ಲಿ ಒಳಗೆ ಬಂದು ಕೂತಿದ್ದಾಳೆ, ಅವಳಿಗೆ ಗೊತ್ತೇ ಆಗಿಲ್ಲ. ಆಗ ನಾನೇ ನರರೋಗದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಕವಲಿರುವ ಲೋಹದ ಕಡ್ಡಿಯೊಂದನ್ನು ಬಡಿದು ಅವಳ ಕಾಲಿನ ಹೆಬ್ಬೆರಳಿನ ಮೇಲಿಟ್ಟು, ಕಂಪನ ಗೊತ್ತಾಗುತ್ತಿದೆಯಾ ಅಂತ ಕೇಳಿದರು. ಅಕ್ಕ "ಇಟ್ಟಿರಾ?" ಅಂದಳು.

ಸಕ್ಕರೆ ಕಾಯಿಲೆ, ಬಿ12, ಥೈರಾಯ್ಡ್ ಎಲ್ಲಾ ನೋಡಿದರು, ಯಾವುದೂ ಅಲ್ಲ. ಕೊನೆಗೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲಾ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ ಅಂದರು. ಒಂದೊಂದೇ ಬಾಟಲಿ ತಿರುಗಿಸಿ, ಬಿ6 ಎಷ್ಟಿದೆ ಅಂತ ಪೆನ್ನಿನಲ್ಲಿ ಬರೆದು ಕೂಡಿಸಿದರು. ರಕ್ತದಲ್ಲೂ ಬಿ6 ಮಟ್ಟ ವಿಪರೀತ ಇತ್ತು. ಬಿ6 ಅತಿಯಾದರೆ ನರಕ್ಕೇ ಪೆಟ್ಟು, ಜೋಮಿಗೆ ಕಾರಣ ಅದೇ ಅಂದರು.

ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1.3ರಿಂದ 1.7 ಮಿಲಿಗ್ರಾಂ, ಅಷ್ಟೇ. ಅದು ಊಟದಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ದಿನಕ್ಕೆ 100 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಇದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಇಷ್ಟೊಂದು ವ್ಯತ್ಯಾಸ ಇರುವಾಗ ನಾನಂತೂ ಕಡಿಮೆ ಇರುವ ಅಂಕಿಯನ್ನೇ ನಂಬುತ್ತೇನೆ. ಇದೇನೂ ಹೊಸ ವಿಷಯವಲ್ಲ. ದಿನಕ್ಕೆ ಗ್ರಾಂಗಟ್ಟಲೆ ಬಿ6 ತಗೊಂಡು ನಡೆಯಲೂ ಕಷ್ಟಪಟ್ಟ 7 ಜನರ ವಿವರ 1983ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಈಗ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೂ, ತಿಂಗಳುಗಟ್ಟಲೆ ತಗೊಂಡರೆ, ಕೆಲವರಿಗೆ ತೊಂದರೆಯಾಗಿದ್ದು ಗೊತ್ತಿದೆ. ಎಲ್ಲರಿಗೂ ಆಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ.

"ಬಿ ವಿಟಮಿನ್ ನೀರಲ್ಲಿ ಕರಗುತ್ತೆ, ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡುತ್ತೆ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಕ್ಕನೂ ಮೂತ್ರ ಕಡು ಹಳದಿಯಾಗಿದ್ದು ನೋಡಿ ಎಲ್ಲಾ ಹೊರಗೆ ಹೋಗುತ್ತಿದೆ ಅಂತ ನಿಶ್ಚಿಂತೆಯಾಗಿದ್ದಳು. ಆ ಹಳದಿ ಬಿ2ದು! ಬಿ6ಗೂ ಅದಕ್ಕೂ ಸಂಬಂಧವೇ ಇಲ್ಲ.

ಎಲ್ಲಾ ಮಾತ್ರೆ ನಿಲ್ಲಿಸಿದ ಮೇಲೆ ಮೊದಮೊದಲು ಜೋಮು ಇನ್ನೂ ಜಾಸ್ತಿಯಾಯಿತು. ನಿಲ್ಲಿಸಿದ್ದೇ ತಪ್ಪಾಯಿತೇನೋ ಅಂತ ಅವಳು ಮತ್ತೆ ಬಾಟಲಿಗೆ ಕೈ ಹಾಕುವುದರಲ್ಲಿದ್ದಳು. ಕೆಲವು ವಾರ ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ಬಚಾವ್. ಕೈಗೂ ಹಬ್ಬಿದ್ದ ಜೋಮು ಈಗ ಹೋಗಿದೆ, ಪಾದ ಮುಕ್ಕಾಲು ಪಾಲು ಸರಿಹೋಗಿದೆ. ಕಾಲ್ಬೆರಳ ತುದಿ ಇನ್ನೂ ಮರಗಟ್ಟಿದ ಹಾಗೇ ಇದೆ.

ಬಾಟಲಿಯ ಹಿಂದೆ ನೋಡುವಾಗ ಬಿ6 ಅಂತಲೇ ಹುಡುಕಬೇಡಿ, ಎಷ್ಟೋ ಕಡೆ ಪಿರಿಡಾಕ್ಸಿನ್ ಅಂತ ಇರುತ್ತದೆ. ಎಲ್ಲಾ ಬಾಟಲಿಯದ್ದನ್ನೂ ಕೂಡಿಸಿ. ಡಾಕ್ಟರ್ ನಕ್ಕರೂ ಬೈದರೂ ಪರವಾಗಿಲ್ಲ, ಏನೇನು ತಗೊಳ್ಳುತ್ತಿದ್ದೀರಿ ಅಂತ ಹೇಳಿಬಿಡಿ, ಮತ್ತೆ "ಉಪಯೋಗವಿಲ್ಲ" ಅಂದರೆ "ತೊಂದರೆ ಏನಾದರೂ ಇದೆಯಾ?" ಅಂತ ಬಿಡದೆ ಕೇಳಿ. ಇನ್ನೊಂದು ಮಾತು. ಇದನ್ನು ಓದಿ ಡಾಕ್ಟರೇ ಬರೆದುಕೊಟ್ಟ ಬಿ6 ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಷಯರೋಗಕ್ಕೆ ಐಸೋನಿಯಜಿಡ್ ತಗೊಳ್ಳುವವರಿಗೆ ನರ ಕಾಪಾಡಲೆಂದೇ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಅಂಥವರು ಕೇಳದೆ ಬಿಟ್ಟರೆ ಇದೇ ಜೋಮು ಬರಬಹುದು.