ವಿದೇಶಕ್ಕೆ ದೇಣಿಗೆ: ಜಯನಗರದ ಒಂದು ಬ್ಯಾಂಕ್ ಶಾಖೆಯ ಸೇವೆ

ನಮ್ಮ ತಾಯಿ ದಾದಿಯಾಗಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ಸೇವೆ ಮುಗಿಸಿದವರು. ಅವರ ತಿಥಿಯ ತಿಂಗಳಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿರುವ ಫಿಸ್ಟುಲಾ ಆಸ್ಪತ್ರೆಗೆಂದು ದೇಣಿಗೆ ಕೊಡುವುದನ್ನು ಎರಡು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಹೆರಿಗೆ ದಿನಗಟ್ಟಲೆ ಆಗದೆ ನಿಂತು, ಮಗುವಿನ ತಲೆಯ ಒತ್ತಡಕ್ಕೆ ಮೂತ್ರಕೋಶದಲ್ಲಿ ತೂತುಬಿದ್ದು (ಇದೇ ಫಿಸ್ಟುಲಾ), ಸದಾ ಮೂತ್ರ ಸೋರುತ್ತ ಮನೆಯವರಿಂದಲೂ ದೂರವಾದ ಹೆಣ್ಣುಮಕ್ಕಳಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡುವ ಈ ಆಸ್ಪತ್ರೆಯನ್ನು ಹ್ಯಾಮ್ಲಿನ್ ವೈದ್ಯ ದಂಪತಿ 1974ರಲ್ಲಿ ತೆರೆದರು.

ಹಣ ಕಳುಹಿಸಲು ನಾನು ಆರಿಸಿಕೊಂಡದ್ದು ಜಯನಗರದಲ್ಲಿ ನನ್ನ ಖಾತೆಯಿರುವ ಬ್ಯಾಂಕ್ ಶಾಖೆಯನ್ನು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು, ದೇಣಿಗೆಯೂ ಅದರೊಳಗೇ ಬರುತ್ತದೆ. ಮೊದಲ ವರ್ಷ ಕೌಂಟರಿನಲ್ಲಿದ್ದವರು ವಿದೇಶಕ್ಕೆ ಹಣ ಕಳುಹಿಸಲು ತುಂಬಬೇಕಾದ ಎ2 ಅರ್ಜಿಯಲ್ಲಿ, ಹಣ ಯಾವ ಉದ್ದೇಶಕ್ಕೆಂದು ಸೂಚಿಸುವ ಜಾಗದಲ್ಲಿ ಕುಟುಂಬ ನಿರ್ವಹಣೆಯ ಸಂಕೇತವನ್ನೇ ತುಂಬಿಬಿಟ್ಟರು. ವಿದೇಶದ ಧರ್ಮಸಂಸ್ಥೆಗಳಿಗೆ ಕೊಡುವ ದೇಣಿಗೆಗೆ ಎಸ್1303 ಎಂಬ ಪ್ರತ್ಯೇಕ ಸಂಕೇತವಿದೆಯೆಂದು ತೋರಿಸಿ, ಅರ್ಜಿಯನ್ನು ಮತ್ತೆ ಬರೆಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದಕ್ಕಿಂತ ನೋವಾದದ್ದು, ಶುಲ್ಕ ಯಾರು ಭರಿಸಬೇಕೆಂದು ನನ್ನನ್ನು ಕೇಳದೆ ಹಂಚಿಕೆಯ ಆಯ್ಕೆಗೆ ಗುರುತು ಹಾಕಿದ್ದು. ದಾರಿಯಲ್ಲಿದ್ದ ಮಧ್ಯವರ್ತಿ ಬ್ಯಾಂಕು ತನ್ನ ಪಾಲನ್ನು ಮುರಿದುಕೊಂಡು, ಆಸ್ಪತ್ರೆಯ ರಸೀದಿಯಲ್ಲಿ ನಾನು ಕೊಟ್ಟದ್ದಕ್ಕಿಂತ ಕಡಿಮೆ ಮೊತ್ತ ನಮೂದಾಗಿತ್ತು.

ಈ ವರ್ಷ ಅದೇ ಶಾಖೆಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಅರ್ಜಿಯ ಪ್ರತಿಯೊಂದು ಸಾಲನ್ನೂ ಓದಿ ಹೇಳಿ, ಎಲ್ಲ ಶುಲ್ಕವೂ ಕಳುಹಿಸುವವರದೇ ಎಂಬ ‘ಅವರ್’ (OUR) ಆಯ್ಕೆಗೆ ನನ್ನಿಂದಲೇ ಗುರುತು ಹಾಕಿಸಿದರು. ನನಗೆ ಖರ್ಚು ಹೆಚ್ಚಾಯಿತು, ಆದರೆ ಅದು ಕೌಂಟರಿನಲ್ಲೇ ನನಗೆ ಗೊತ್ತಿದ್ದ ಖರ್ಚು. ಇಂಥ ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲವೆಂದೂ, 2025ರ ಏಪ್ರಿಲ್‌ನಿಂದ ವರ್ಷದ ರವಾನೆ 10 ಲಕ್ಷ ರೂಪಾಯಿ ದಾಟಿದರೆ ಮಾತ್ರ ಬ್ಯಾಂಕು ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆಂದೂ ನಾನು ಕೇಳುವ ಮೊದಲೇ ಅವರು ತಿಳಿಸಿದರು.

ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವವರಿಗೆ ಈ ದಾರಿ ಹೊರೆ, ಶುಲ್ಕವೇ ದಾನದ ದೊಡ್ಡ ಭಾಗವನ್ನು ತಿಂದುಹಾಕುತ್ತದೆ. ವರ್ಷಕ್ಕೊಮ್ಮೆ ಒಟ್ಟಾಗಿ ಕೊಡುವವರಿಗೆ ಈ ಶಾಖೆಯನ್ನು ಈಗ ಮನಃಪೂರ್ವಕವಾಗಿ ಹೇಳಬಲ್ಲೆ. ಈ ಸಲದ ರಸೀದಿ ಐದನೆಯ ದಿನ ಬಂತು. ಮೊತ್ತ ಪೂರ್ತಿಯಿತ್ತು, ಕೆಳಗೆ ನಾನು ಕೋರಿದಂತೆ ತಾಯಿಯ ಹೆಸರೂ ಇತ್ತು.