ನೂರು ಕುಳಿಯ ಮಗ್ಗಿ ಮಣೆ: ಗುಣಾಕಾರಕ್ಕೆ ಸೈ, ಅಪವರ್ತನಕ್ಕೆ ಅರ್ಧ

ಬೆಂಗಳೂರಿನಲ್ಲಿ ಮಾಂಟೆಸರಿ ಸಾಮಾನು ಇಡುವ ಅಂಗಡಿಗಳಲ್ಲಿ ಸಿಗುವ ಮರದ ಮಣೆ ಇದು. ಹತ್ತು ಸಾಲು, ಹತ್ತು ಕಂಬಸಾಲು, ಒಟ್ಟು 100 ಕುಳಿ. ಜೊತೆಗೆ 100 ಕೆಂಪು ಮಣಿ, 1ರಿಂದ 10ರವರೆಗಿನ ಕಾರ್ಡು, ಒಂದು ಬಿಲ್ಲೆ. ನೋಡಲು ಅಳಗುಳಿ ಮಣೆಯ ತಂಗಿಯಂತಿದೆ.

7ರ ಮಗ್ಗಿಗೆ 7ರ ಕಾರ್ಡನ್ನು ಎಡಗಡೆಯ ಕಿಂಡಿಗೆ ಸೇರಿಸಿ. ಬಿಲ್ಲೆಯನ್ನು ಮೇಲಿನ 1ರ ಮೇಲಿಟ್ಟು ಕೆಳಗೆ ಏಳು ಮಣಿ ಇಡಿ. ಬಿಲ್ಲೆ 2ಕ್ಕೆ ಸರಿದಾಗ ಮತ್ತೆ ಏಳು. ಮಕ್ಕಳು ಪ್ರತಿಸಲ ಒಂದರಿಂದಲೇ ಎಣಿಸತೊಡಗುತ್ತಾರೆ. ಹಾಗೆ ಬಿಟ್ಟರೆ ಇದು ಬರೀ ಎಣಿಕೆಯಾಟ. ಕಂಬಸಾಲು ಮುಗಿದಂತೆ 7, 14, 21 ಎಂದು ಪಕ್ಕದಲ್ಲಿ ಬರೆಸಿ. ಐದನೇ ಕಂಬಸಾಲಿನ ನಂತರ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ 7×8 ಎಂಬುದು 35 ಮತ್ತು 21 ಆಗಿ ಒಡೆದು ಕಾಣುತ್ತದೆ. ಏಳೆಂಟ್ಲ ಐವತ್ತಾರು ಮರೆತ ಮಗುವಿಗೆ ಇದೇ ದಾರಿ. 3×4 ಜೋಡಿಸಿ ಮಣೆಯನ್ನು ಕಾಲು ಸುತ್ತು ತಿರುಗಿಸಿ: ಒಂದು ಮಣಿಯನ್ನೂ ಮುಟ್ಟದೆ 4×3 ಸಿದ್ಧ.

ತೊಡಕು ಅಪವರ್ತನದಲ್ಲಿ. 12 ಮಣಿಗಳಿಂದ ಎಷ್ಟು ಆಯತ ಆಗುತ್ತದೆ ಎಂದು ಕೇಳಿದರೆ ಮಣೆಯ ಮೇಲೆ 2×6, 3×4 ಮಾತ್ರ ಕೂರುತ್ತವೆ. 1×12ಕ್ಕೆ ಜಾಗವೇ ಇಲ್ಲ. ಹಾಗಾಗಿ ಮಗು 2, 3, 4, 6 ಎಂದು ಬರೆದು ನಿಲ್ಲುತ್ತದೆ. 1 ಮತ್ತು 12 ಬಿಟ್ಟುಹೋಗುತ್ತವೆ. 7 ಒಂದೇ ಸಾಲಾಗಿ ನಿಂತು ತಾನು ಅವಿಭಾಜ್ಯ ಎಂದು ತೋರಿಸುತ್ತದೆ, ಆದರೆ 13 ಎಲ್ಲೂ ಕೂರುವುದಿಲ್ಲ. 10 ದಾಟಿದ ಮೇಲೆ ಚೌಕುಳಿ ಲೆಕ್ಕದ ಪುಸ್ತಕಕ್ಕೆ ಹೋಗುವುದೇ ಸರಿ. ಇಲ್ಲವೇ ನೆಲದ ಮೇಲೆ ಹುಣಸೆ ಬೀಜ ಸಾಕು, ಉರುಳುವುದೂ ಇಲ್ಲ.

36ನ್ನು ಮಾತ್ರ ಮಣೆಯ ಮೇಲೆಯೇ ಮಾಡಿಸಿ. 4×9 ಆದಮೇಲೆ 6×6 ಬರುತ್ತದೆ, ಮುಂದಿನದು 9×4, ಅಂದರೆ ಹಳೆಯದೇ ತಿರುಗಿ ಬಂತು. ಹುಡುಕಾಟ ಎಲ್ಲಿ ನಿಲ್ಲಿಸಬೇಕು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. 6ನ್ನು ಎರಡು ಸಲ ಬರೆಯುವ ತಪ್ಪನ್ನೂ ಅಲ್ಲೇ ತಿದ್ದಬಹುದು: 36ಕ್ಕೆ ಅಪವರ್ತನಗಳು ಒಂಬತ್ತು, ಹತ್ತಲ್ಲ.

ಅವೆನ್ಯೂ ರಸ್ತೆಯಲ್ಲಿ ಸಿಗುವ, 20ರವರೆಗಿನ ಮಗ್ಗಿ ಚಾರ್ಟನ್ನೂ ಜೊತೆಗೆ ತನ್ನಿ. ಅದರಲ್ಲಿ 24ಕ್ಕೆಲ್ಲ ಸುತ್ತು ಹಾಕಿಸಿದರೆ 3, 4, 6, 8, 12ರ ಮಗ್ಗಿಗಳಲ್ಲಿ ಸಿಗುತ್ತದೆ. ಮಣೆಯಲ್ಲಿ ಹಿಡಿಸದ 12×2 ಇಲ್ಲಿದೆ. 1×24ನ್ನು ಮಾತ್ರ ಬಾಯಲ್ಲೇ ಹೇಳಿಕೊಡಬೇಕು.

ಎರಡು-ಮೂರನೇ ತರಗತಿಗೆ ಧಾರಾಳವಾಗಿ ಕೊಳ್ಳಬಹುದು. ಐದನೇ ತರಗತಿಯ ಅಪವರ್ತನಕ್ಕೆಂದೇ ಹಣ ಹಾಕುವುದು ಬೇಡ. ಅಂಗಡಿಯಲ್ಲೇ ಒಂದು ಸಾಲು ತುಂಬಿಸಿ ಮಣೆಯನ್ನು ಸ್ವಲ್ಪ ಓರೆ ಮಾಡಿ ನೋಡಿ. ಕುಳಿ ಆಳವಿಲ್ಲದಿದ್ದರೆ ಮಣಿಗಳೆಲ್ಲ ಉರುಳುತ್ತವೆ. ಮಣಿ ಎಣಿಸಿಯೇ ತನ್ನಿ, ಒಂದು ಕಡಿಮೆಯಾದರೂ 10×10 ಪೂರ್ತಿಯಾಗುವುದಿಲ್ಲ. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸಿದ್ದರೆ ಮಣಿಯ ಡಬ್ಬಿ ಅಟ್ಟದ ಮೇಲಿರಲಿ.