ಕಿಟಕಿಗೆ ಐದು ನಕ್ಷತ್ರ, ಸಾಂಬಾರಿಗೆ ಎರಡು

ಮುಂಬಯಿಯ ಕಾಂದಿವಲಿ ನಿಲ್ದಾಣದ ಬಳಿಯ ಈ ಉಡುಪಿ ಹೋಟೆಲಿನ ಮಹಡಿಗೆ ಜನ ಎಸಿಗಾಗಿ ಹತ್ತುತ್ತಾರೆ, ನಾನು ಮೂಲೆಯ ಕಿಟಕಿಗಾಗಿ. ಕೆಳಗೆ ಪಶ್ಚಿಮ ರೈಲ್ವೆಯ ಹಳಿಗಳು. 2024ರಲ್ಲಿ ಗೋರೆಗಾಂವ್–ಕಾಂದಿವಲಿ ನಡುವೆ ಆರನೇ ಹಳಿ ಹಾಕುವಾಗ ಇಲ್ಲಿ ಕುಳಿತವರಿಗೆ ಹಬ್ಬ. ಈಗಲೂ ಭಾನುವಾರ ಜಂಬೋ ಬ್ಲಾಕ್ (ಹಳಿ ಕೆಲಸಕ್ಕೆಂದು ಕೆಲವು ಗಂಟೆ ರೈಲು ನಿಲ್ಲಿಸುವುದು) ಇದ್ದರೆ ಹಳದಿ ಯಂತ್ರಗಳು ಬರುತ್ತವೆ.

ನನ್ನ ಮೆಚ್ಚಿನದು ಟ್ಯಾಂಪಿಂಗ್ ಯಂತ್ರ. ಮೀಟರಿಗೆ 60 ಕಿಲೋ ತೂಗುವ ಹಳಿಯನ್ನು ಅದರಡಿಯ ಕಾಂಕ್ರೀಟ್ ಸ್ಲೀಪರುಗಳ (ಅಡ್ಡದಿಮ್ಮಿಗಳ) ಸಮೇತ ಸ್ವಲ್ಪ ಎತ್ತಿ, ಅಡ್ಡಕ್ಕೆ ಸರಿಸಿ ನೇರ ಮಾಡುತ್ತದೆ. ಆಮೇಲೆ ತೆಂಗಿನಕಾಯಿ ಸುಲಿಯುವ ಸಲಾಕೆಯಂಥ ಉಕ್ಕಿನ ಬೆರಳುಗಳು ಸ್ಲೀಪರಿನ ಎರಡೂ ಬದಿಯ ಜಲ್ಲಿಗೆ ಇಳಿದು, ಗಡಗಡ ನಡುಗುತ್ತ, ಕಲ್ಲನ್ನು ಅದರ ಅಡಿಗೆ ಒತ್ತಿ ತುಂಬುತ್ತವೆ. ಎದ್ದವು, ಮುಂದಿನ ಸ್ಲೀಪರಿಗೆ ಹೋದವು. ಮೇಜಿನ ಮೇಲಿನ ಸ್ಟೀಲ್ ಲೋಟವೂ ಸಣ್ಣಗೆ ಗುನುಗುತ್ತದೆ. ಹಿಂದೆ ಗ್ಯಾಂಗ್‌ಮನ್‌ಗಳು ಬಿಸಿಲಿನಲ್ಲಿ ಸಲಾಕೆ ಹಿಡಿದು ಮಾಡುತ್ತಿದ್ದ ಕೆಲಸ ಇದು.

ತಿಂಡಿಯ ವಿಷಯ: ಬನ್ಸ್ ಚೆನ್ನಾಗಿದೆ, ನೀರುದೋಸೆ ಮಾತ್ರ ದಪ್ಪ. ಸಾಂಬಾರಿಗೆ ಬೆಲ್ಲ ಸುರಿದಿದ್ದಾರೆ. ಗುಜರಾತಿ ಗಿರಾಕಿಗಳಿಗಾಗಿ ಇರಬಹುದು, ಆದರೆ ಕುಂದಾಪುರದವರು ಎಲ್ಲಿಗೆ ಹೋಗಬೇಕು? ಕಾಫಿ ಬರುವಷ್ಟರಲ್ಲಿ ಯಂತ್ರ ಕಣ್ಮರೆಯಾಗಿರುತ್ತದೆ. "ಇನ್ನೂ ಏನು ತರಲಿ ಮಾರಾಯರೇ?" ಎಂದು ಮಾಣಿ ಪದೇ ಪದೇ ಕೇಳಿದರೆ ಜಾಗ ಬಿಡಿ ಎಂದರ್ಥ, ಒಂದು ಗೋಳಿಬಜೆ ಹೇಳಿದರೆ ಇನ್ನರ್ಧ ಗಂಟೆ ಯಾರೂ ಮಾತನಾಡಿಸುವುದಿಲ್ಲ.